ಮೂವರು ನಟರು, ಒಬ್ಬ ದೊರೆ

ಕೇಳುಗರಿಗೆ ನಮಸ್ಕಾರ.

ಗ್ರೀಕ್ ರುದ್ರನಾಟಕ ಎಂದೊಡನೆ ವಿಧಿ, ಶಾಪ, ರಕ್ತ ನೆನಪಾಗುತ್ತವೆ. ಅದನ್ನೆಲ್ಲ ಸ್ವಲ್ಪ ಪಕ್ಕಕ್ಕಿಟ್ಟು, ಸೊಫೊಕ್ಲೀಸನ ‘ದೊರೆ ಈಡಿಪಸ್’ ನಾಟಕದ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ.

ಮೊದಲು ರಂಗದ ಕಟ್ಟುಪಾಡು. ಕ್ರಿಸ್ತಪೂರ್ವ 5ನೆಯ ಶತಮಾನದ ಅಥೆನ್ಸ್; ವಸಂತಕಾಲದಲ್ಲಿ ಮದ್ಯದ ದೇವತೆ ಡಯೊನೈಸಸ್‌ನ ಹಬ್ಬ; ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಬಯಲು ರಂಗ. ಸ್ಪರ್ಧೆಗೆ ಮೂವರು ಕವಿಗಳು, ಒಬ್ಬೊಬ್ಬರದೂ ಮೂರು ರುದ್ರನಾಟಕ, ಜೊತೆಗೊಂದು ಸ್ಯಾಟರ್ ನಾಟಕ, ಅಂದರೆ ನಗಿಸುವ ಆಟ. ಹಾಡಿ ಕುಣಿಯುವ ಮೇಳದಲ್ಲಿ 15 ಜನ. ಮಾತಿನ ಪಾತ್ರಗಳಿಗೆ ಮಾತ್ರ ಮೂವರೇ ನಟರು, ಮೂವರೂ ಗಂಡಸರು. ಪಾತ್ರ ಎಷ್ಟೇ ಇರಲಿ, ಮುಖವಾಡ ಬದಲಿಸಿಕೊಂಡು ಇವರೇ ತೂಗಿಸಬೇಕು.

ಈಗ ದೃಶ್ಯ. ಥೀಬ್ಸ್ ನಗರಕ್ಕೆ ಪಿಡುಗು ಬಡಿದಿದೆ. ಅದು ತೊಲಗಲೆಂದು, ಹಿಂದಿನ ದೊರೆ ಲಾಯಸನ ಕೊಲೆಗಾರನನ್ನು ಈಗಿನ ದೊರೆ ಈಡಿಪಸ್ ಹುಡುಕುತ್ತಿದ್ದಾನೆ. ಕಾರಿಂತ್‌ನಿಂದ ಬಂದ ದೂತ, ನಿನ್ನ ತಂದೆ ಪಾಲಿಬಸ್ ತೀರಿಕೊಂಡ ಎನ್ನುತ್ತಾನೆ. ತಾಯಿಯನ್ನು ಮದುವೆಯಾಗುತ್ತೀಯೆ ಎಂಬ ದೈವವಾಣಿಯ ಹೆದರಿಕೆ ಈಡಿಪಸ್‌ಗೆ ಇನ್ನೂ ಇದೆ. ದೂತ ಧೈರ್ಯ ತುಂಬಲು ಹೋಗಿ, ನೀನು ಅವರ ಹೊಟ್ಟೆಯ ಮಗನೇ ಅಲ್ಲ, ಕಿಥೇರಾನ್ ಬೆಟ್ಟದಲ್ಲಿ ಕುರುಬನೊಬ್ಬ ನಿನ್ನನ್ನು ನನ್ನ ಕೈಗಿಟ್ಟ ಎಂದುಬಿಡುತ್ತಾನೆ. ಸಮಾಧಾನದ ಮಾತೇ ತಿರುಗಿ ಇರಿಯಿತು. ಕಥೆ ತಿರುವುಮುರುವಾಗುವುದಕ್ಕೆ ಅರಿಸ್ಟಾಟಲ್ ಕೊಟ್ಟ ಉದಾಹರಣೆ ಇದೇ.

ಮೊದಲು ಲಾಯಸನ, ಈಗ ಈಡಿಪಸ್‌ನ ಹೆಂಡತಿಯಾದ ರಾಣಿ ಯೊಕಾಸ್ತೆಗೆ ಎಲ್ಲವೂ ಹೊಳೆಯುತ್ತದೆ: ಈಡಿಪಸ್ ತನ್ನದೇ ಮಗ. ಇನ್ನು ಕೇಳಬೇಡ ಎಂದು ಅಂಗಲಾಚುತ್ತಾಳೆ. ತಾನು ಕೀಳು ಕುಲದವನೆಂದು ತಿಳಿದೀತೆಂದು ಇವಳಿಗೆ ಅಂಜಿಕೆ ಎಂದೇ ಈಡಿಪಸ್ ಬಗೆಯುತ್ತಾನೆ. ಅವಳು ಒಳಗೆ ಹೋಗುತ್ತಾಳೆ. ಸುಮಾರು 40 ಸಾಲು ಕಳೆಯುವಷ್ಟರಲ್ಲಿ ಮುದಿ ಕುರುಬನನ್ನು ಕರೆತರುತ್ತಾರೆ. ಈಡಿಪಸ್, ದೂತ, ಕುರುಬ, ಮೂವರಿಗೂ ಮಾತಿದೆ. ಹಾಗಾದರೆ ಕುರುಬನ ಮುಖವಾಡ ತೊಟ್ಟವನು ಯಾರು? ಈಗಷ್ಟೇ ಯೊಕಾಸ್ತೆಯಾಗಿ ಒಳಗೆ ಹೋದವನೇ. ಕೂಸನ್ನು ಕೊಲ್ಲೆಂದು ಒಪ್ಪಿಸಿದ ತಾಯಿಗೂ, ಕನಿಕರಪಟ್ಟು ಉಳಿಸಿದ ಕುರುಬನಿಗೂ ಒಂದೇ ಕಂಠ! ನನಗಂತೂ ಈ ನಾಟಕದಲ್ಲಿ ಇದಕ್ಕಿಂತ ದಾರುಣವಾದದ್ದು ಕಾಣದು.

ಅರಿಸ್ಟಾಟಲ್ ಹೇಳುವ ‘ಹಮಾರ್ತಿಯಾ’ವನ್ನು, ಅಂದರೆ ನಾಯಕನನ್ನು ಕೆಡವುವ ತಪ್ಪನ್ನು, ಅಹಂಕಾರ ಎಂದು ಅರ್ಥ ಮಾಡಿದರೆ ನಾಟಕ ನೀತಿಪಾಠವಾಗಿ ಸಪ್ಪೆಯಾಗುತ್ತದೆ. ಬಿಟ್ಟ ಬಾಣ ಗುರಿ ತಪ್ಪುವುದು ಆ ಮಾತಿನ ಮೂಲಾರ್ಥ. ತಂದೆ ಲಾಯಸನ ಕೊಲೆ, ತಾಯಿಯೊಡನೆ ಮದುವೆ ಎರಡೂ ನಾಟಕ ಶುರುವಾಗುವ ಎಷ್ಟೋ ವರ್ಷ ಮೊದಲೇ ಆಗಿಹೋಗಿವೆ. ನಮ್ಮ ಕಣ್ಣೆದುರು ನಡೆಯುವುದು ಹುಡುಕಾಟ. ಕಣಿ ಹೇಳುವ ಟೈರೀಸಿಯಸ್, ಹೆಂಡತಿ, ಕುರುಬ, ಯಾರು ಬೇಡವೆಂದರೂ ಅವನು ನಿಲ್ಲಿಸಲಿಲ್ಲ. ಊರು ಉಳಿಯಬೇಕಲ್ಲ!

ಇದನ್ನು ಆಡುವವರು ಎಡವುವುದು ಕೊನೆಯಲ್ಲಿ. ಈಡಿಪಸ್ ಕಣ್ಣು ಚುಚ್ಚಿಕೊಳ್ಳುವುದನ್ನು ರಂಗದ ಮೇಲೇ ತೋರಿಸಿದರೆ ಪ್ರೇಕ್ಷಕ ಮುಖ ತಿರುಗಿಸುತ್ತಾನೆ, ಮಾತು ಕಿವಿಗೆ ಬೀಳುವುದಿಲ್ಲ. ಸೊಫೊಕ್ಲೀಸ್ ಅದನ್ನು ಅರಮನೆಯ ಆಳಿನ ಬಾಯಲ್ಲಿ ಹೇಳಿಸಿದ. ಸತ್ತ ಯೊಕಾಸ್ತೆಯ ಉಡುಪಿನ ಬಂಗಾರದ ಸೂಜಿಗಳು, ಮತ್ತೆ ಮತ್ತೆ ಎತ್ತಿದ ಕೈ, ಎಲ್ಲವನ್ನೂ ಕೇಳಿಯೇ ಕಾಣಬೇಕು. ಆಮೇಲೆ ಬಾಗಿಲು ತೆರೆಯುತ್ತದೆ. ಕುರುಡ ದೊರೆ ಹೊರಬಂದು, ತನ್ನ ಪುಟ್ಟ ಹೆಣ್ಣುಮಕ್ಕಳು ಎಲ್ಲಿ ಎಂದು ಗಾಳಿಯಲ್ಲಿ ಕೈ ಆಡಿಸುತ್ತಾನೆ.