ತಗಡಿನೊಳಗಿನ ಹರಳು

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ನನ್ನದು ಟಿ.ಸಿ. ರಿಪೇರಿ ಕೆಲಸ. ಸಕಲೇಶಪುರ, ಆಲೂರು ಕಡೆಯಿಂದ ಸುಟ್ಟ ಟ್ರಾನ್ಸ್‌ಫಾರ್ಮರ್ ಬಂದರೆ ಎಲ್ಲರೂ ಕೇಳುವುದು ಕಾಯಿಲ್ ಏನಾಯಿತು, ಎಣ್ಣೆ ಎಷ್ಟು ಹೋಯಿತು ಅಂತ. ಆ ಕಾಯಿಲ್ ಸುತ್ತಿರುವ ನಡುವಿನ ಉಕ್ಕಿನ ತಗಡು, ಅಂದರೆ ಕೋರ್, ಅದನ್ನು ಯಾರೂ ವಿಚಾರಿಸುವುದಿಲ್ಲ. ಇವತ್ತು ಆ ತಗಡಿನ ಮಾತು.

ಒಮ್ಮೆ ಗುಜರಿಗೆ ಹೊರಟಿದ್ದ ಒಂದು ತುಂಡಿನ ಮೇಲ್ಲೇಪ ತೆಗೆದು, ಆಸಿಡ್ ಹಚ್ಚಿ ತೊಳೆದು, ಬಿಸಿಲಿಗೆ ಹಿಡಿದೆ. ನುಣ್ಣಗಿದ್ದ ತಗಡಿನ ತುಂಬ ಹರಳುಗಳು! ಕೆಲವು ಕಾಫಿ ಬೀಜದಷ್ಟು, ಕೆಲವು ಇನ್ನೂ ದೊಡ್ಡವು. ಓರೆ ಮಾಡಿದರೆ ಒಂದು ಹೊಳೆಯುತ್ತದೆ, ಪಕ್ಕದ್ದು ಕಪ್ಪಾಗುತ್ತದೆ. ಮಾಮೂಲಿ ಉಕ್ಕಿನ ಹರಳು ಬರಿಗಣ್ಣಿಗೆ ಕಾಣುವುದೇ ಇಲ್ಲ.

ಕಬ್ಬಿಣದ ಹರಳಿನಲ್ಲಿ ಪರಮಾಣುಗಳು ಪುಟ್ಟ ಪುಟ್ಟ ಘನಗಳಾಗಿ ಕೂತಿರುತ್ತವೆ. ಘನದ ಅಂಚಿನ ದಿಕ್ಕಿಗೆ ಕಾಂತತ್ವ ಸಲೀಸಾಗಿ ಏರುತ್ತದೆ, ಮೂಲೆಯಿಂದ ಮೂಲೆಗೆ ಬಲು ಕಷ್ಟ. ಕೋರ್‌ನ ಕೆಲಸ ಕಾಂತತ್ವವನ್ನು ತಗಡಿನ ಉದ್ದಕ್ಕೆ ಸಾಗಿಸುವುದು. ಹಾಗಾಗಿ ಎಲ್ಲ ಹರಳುಗಳ ಅಂಚೂ ತಗಡಿನ ಉದ್ದಕ್ಕೇ ಇದ್ದರೆ ಕೋರ್‌ನಲ್ಲಿ ವ್ಯರ್ಥವಾಗುವ ಕರೆಂಟು ಕಡಿಮೆ. ಅದಕ್ಕೆ ದಾರಿ ತೋರಿಸಿದವರು ಅಮೆರಿಕದ ನಾರ್ಮನ್ ಗಾಸ್. ಪೇಟೆಂಟ್ ಸಿಕ್ಕಿದ್ದು 1934ರಲ್ಲಿ.

ಶೇಕಡಾ 3ರಷ್ಟು ಸಿಲಿಕಾನ್ ಬೆರೆಸಿದ ಉಕ್ಕು. ಸುಮಾರು 2 ಮಿಲಿಮೀಟರ್ ದಪ್ಪದ ಹಾಳೆಯನ್ನು ಕಾಯಿಸದೆ ರೋಲರುಗಳ ನಡುವೆ ಮತ್ತೆ ಮತ್ತೆ ಒತ್ತಿ 0.3 ಮಿಲಿಮೀಟರ್ ಆಸುಪಾಸಿಗೆ ತರುತ್ತಾರೆ. ಒಳಗಿನ ಹರಳುಗಳು ಚಪ್ಪಟೆಯಾಗಿ ಉದ್ದಕ್ಕೆ ಎಳೆದುಕೊಳ್ಳುತ್ತವೆ, ಪರಮಾಣುಗಳ ಸಾಲು ಎಲ್ಲೆಂದರಲ್ಲಿ ತಪ್ಪುತ್ತದೆ. ನೋಡುವವರಿಗೆ ಇದು ಹಾಳುಗೆಡವಿದ ಹಾಗೆ. ಆದರೆ ಒತ್ತುವುದಕ್ಕೆ ಹಾಕಿದ ಶಕ್ತಿಯ ಒಂದು ಪಾಲು ಆ ತಪ್ಪಿದ ಸಾಲುಗಳಲ್ಲೇ ಅಡಗಿ ಕೂತಿರುತ್ತದೆ. 800 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಿಸಿದಾಗ ಅದೇ ಶಕ್ತಿಯಿಂದ ಹೊಸ ಸಣ್ಣ ಹರಳು ಹುಟ್ಟುತ್ತವೆ. ಅವುಗಳ ನಡುವೆ ಅಂಚು ತಗಡಿನ ಉದ್ದಕ್ಕೇ ಇರುವವು ಅಲ್ಲೊಂದು ಇಲ್ಲೊಂದು. ಮುಂದೆ 1200 ಡಿಗ್ರಿ ಹತ್ತಿರದವರೆಗೆ ನಿಧಾನವಾಗಿ ಕಾಯಿಸುತ್ತಾರೆ. ಉಕ್ಕಿನಲ್ಲಿ ಮೊದಲೇ ಬೆರೆತ ಮ್ಯಾಂಗನೀಸ್ ಸಲ್ಫೈಡ್‌ನಂಥ ಸೂಕ್ಷ್ಮ ಕಣಗಳು ಉಳಿದ ಹರಳುಗಳನ್ನು ಬೆಳೆಯಗೊಡುವುದಿಲ್ಲ. ಆ ಬೆರಳೆಣಿಕೆಯವು ಮಾತ್ರ ಅಕ್ಕಪಕ್ಕದವನ್ನು ನುಂಗುತ್ತಾ ತಗಡನ್ನೆಲ್ಲ ಆವರಿಸುತ್ತವೆ.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಮೋಟಾರಿಗೆ ಈ ತಗಡು ಬೇಡ. ಅಲ್ಲಿ ಕಾಂತಕ್ಷೇತ್ರ ಸುತ್ತುತ್ತಲೇ ಇರುತ್ತದೆ, ಒಂದೇ ದಿಕ್ಕಿನಿಂದ ಉಪಯೋಗವಿಲ್ಲ.

ನನ್ನ ಶೆಡ್ಡಿನಲ್ಲಿ ಒಮ್ಮೆ ಹೊಸ ಹುಡುಗ ಕೋರ್ ಜೋಡಿಸುವಾಗ ಅಂಚು ಸರಿ ಕೂರಲಿಲ್ಲವೆಂದು ಸುತ್ತಿಗೆಯಿಂದ ಬಡಿದ. ಜೋಡಣೆ ನೀಟಾಗಿತ್ತು. ಟೆಸ್ಟಿಗೆ ಇಟ್ಟರೆ, ಲೋಡೇ ಇಲ್ಲದೆ ಎಳೆಯುವ ಕರೆಂಟು ಮೊದಲಿಗಿಂತ ಜಾಸ್ತಿ. ತಣ್ಣಗಿನ ತಗಡಿಗೆ ಬಿದ್ದ ಪ್ರತಿ ಏಟೂ ಪರಮಾಣುಗಳ ಸಾಲನ್ನು ಮತ್ತೆ ತಪ್ಪಿಸುತ್ತದೆ. ಫ್ಯಾಕ್ಟರಿಯಲ್ಲಾದರೆ ಅದರ ಹಿಂದೆಯೇ ಕುಲುಮೆ ಇದೆ. ನಮ್ಮಲ್ಲಿ ಇಲ್ಲ. ಆವತ್ತಿನಿಂದ ನಾವು ತಗಡನ್ನು ಇಬ್ಬರು ಎರಡು ತುದಿ ಹಿಡಿದು, ಬಾಗದ ಹಾಗೆ ಎತ್ತಿ ಇಡುತ್ತೇವೆ. ಅಂಚು ಕೂರದಿದ್ದರೆ ಬಿಚ್ಚಿ ಮೊದಲಿನಿಂದ ಜೋಡಿಸುತ್ತೇವೆ.