ಮಂಡಕ್ಕಿ ಭಟ್ಟಿಗೆ ಫಂಡಿಂಗ್ ಯಾಕೆ ಸಿಗಲ್ಲ?

ಹೋದ ವಾರ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನುತ್ತಾ ಕೂತಿದ್ದೆ. ಪಕ್ಕದ ಟೇಬಲ್‌ನಲ್ಲಿ ಇಂಜಿನಿಯರಿಂಗ್ ಓದುವ ಮೂವರು ಹುಡುಗರು. ಒಬ್ಬ ಹೇಳುತ್ತಿದ್ದ, "ಲೇ, ಮೊದ್ಲು ಫಂಡಿಂಗ್ ತರೋಣ. ಐಡಿಯಾ ಆಮೇಲೆ ನೋಡಿದ್ರಾಯ್ತು." ನಗು ಬಂತು. ಆಮೇಲೆ ಸ್ವಲ್ಪ ದಿಗಿಲೂ ಆಯಿತು.

ಈ ಫಂಡಿಂಗ್ ಅಂದ್ರೆ ಸಾಲ ಅಲ್ಲ, ಕಂಪನಿಯಲ್ಲಿ ಪಾಲು ತಗೊಂಡು ಹಾಕುವ ದುಡ್ಡು. ಹೊಸ ಕಂಪನಿಗಳಿಗೆ ಹೀಗೆ ದುಡ್ಡು ಹಾಕುವ ವೆಂಚರ್ ಫಂಡ್‌ನವರು ಹಾಕುವುದು ಹೆಚ್ಚಾಗಿ ಬೇರೆಯವರ ದುಡ್ಡು. ಸುಮಾರು 10 ವರ್ಷದಲ್ಲಿ ಅದನ್ನು ಬೆಳೆಸಿ ವಾಪಸ್ ಕೊಡಬೇಕು. ಹಾಕಿದ ಕಂಪನಿಗಳಲ್ಲಿ ಬಹಳಷ್ಟು ಮುಳುಗುತ್ತವೆ ಅಂತ ಅವರಿಗೆ ಮೊದಲೇ ಗೊತ್ತು. ಹಾಗಾಗಿ ಉಳಿದ ಒಂದೆರಡು ಎಲ್ಲರ ನಷ್ಟ ತುಂಬಬೇಕು. ಅದಕ್ಕೇ ಅವರು ಲಾಭ ಎಷ್ಟು ಅಂತ ಕೇಳುವುದಕ್ಕಿಂತ, ಎಷ್ಟು ಬೇಗ ದೊಡ್ಡದಾಗ್ತೀಯ ಅಂತ ಕೇಳುವುದೇ ಜಾಸ್ತಿ. 2007ರಲ್ಲಿ ಬೆಂಗಳೂರಲ್ಲಿ ಶುರುವಾದ ಫ್ಲಿಪ್‌ಕಾರ್ಟ್‌ನ 77% ಪಾಲನ್ನು 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರಿಗೆ ಕೊಂಡಿತು. ಎಲ್ಲರ ಬಾಯಲ್ಲೂ ಅದೊಂದೇ ಕಥೆ!

ಇನ್ನೊಂದು ವಿಷಯ. ಈ ದುಡ್ಡಿನ ನಲ್ಲಿ ನಮ್ಮೂರಲ್ಲಿಲ್ಲ. ಅಮೆರಿಕದಲ್ಲಿ ಬಡ್ಡಿ ಸೊನ್ನೆ ಹತ್ತಿರ ಇದ್ದಾಗ, 2021ರಲ್ಲಿ, ಅಲ್ಲಿನ ದುಡ್ಡು ಹೆಚ್ಚು ಲಾಭ ಹುಡುಕಿಕೊಂಡು ಭಾರತಕ್ಕೂ ಬ್ರೆಜಿಲ್‌ಗೂ ಹೊಳೆಯಂತೆ ಹರಿಯಿತು. 2022ರಲ್ಲಿ ಅಲ್ಲಿ ಬಡ್ಡಿ ಏರಿತು, ಇಲ್ಲಿ ನೀರು ಇಳಿಯಿತು.

ಈಗ ನಮ್ಮ ಮಂಡಕ್ಕಿ ಭಟ್ಟಿಗೆ ಬನ್ನಿ. ಬಾಣಲೆಯಲ್ಲಿ ಮರಳು ಕಾದು ಕೆಂಪಗಾಗಿರುತ್ತದೆ. ಉಪ್ಪು ಹಾಕಿದ ಅಕ್ಕಿ ಬಿದ್ದ ಕ್ಷಣದಲ್ಲೇ ಚಟಪಟ ಅರಳುತ್ತದೆ, ಜರಡಿ ಹಿಡಿದು ತೆಗೆಯಬೇಕು, ಇಲ್ಲ ಅಂದ್ರೆ ಕಪ್ಪು. ಹೊಗೆಗೆ ಕಣ್ಣು ಬಿಡಲಾಗಲ್ಲ. ಭಟ್ಟಿಯವರಿಗೆ ಬೇಕಿರುವುದು ಸುಗ್ಗಿಯಲ್ಲಿ ಭತ್ತ ಕೊಳ್ಳಲು ದುಡ್ಡು, ಮಳೆಗಾಲದಲ್ಲಿ ಒಣಗಿಸಲು ಒಂದು ದಾರಿ. ಅಷ್ಟೇ. ಜನ ಮಂಡಕ್ಕಿಯನ್ನು ಈಗಿನದರ ನೂರು ಪಟ್ಟು ತಿನ್ನಲ್ಲ, ಹಾಗಾಗಿ ವೆಂಚರ್ ಫಂಡ್ ಇತ್ತ ತಿರುಗಿಯೂ ನೋಡಲ್ಲ. ಇಂಥ ಕಸುಬಿಗೆ ಬೇಕಾಗಿರುವುದು ಸಾಲ. 2015ರಲ್ಲಿ ಬಂದ, ಸಣ್ಣ ವ್ಯಾಪಾರಕ್ಕೆ ಸಾಲ ಕೊಡಿಸುವ ಸರ್ಕಾರದ ಮುದ್ರಾ ಯೋಜನೆ ಇಂಥದ್ದಕ್ಕೇ ಇದೆ. ಫಂಡಿಂಗ್ ಸಿಗಲಿಲ್ಲ ಅಂದ ಮಾತ್ರಕ್ಕೆ ವ್ಯಾಪಾರ ಕೆಟ್ಟದ್ದು ಅಂತಲ್ಲ. ಹೊರಗಿನ ಹೂಡಿಕೆದಾರರನ್ನು ಸೇರಿಸಿಕೊಳ್ಳದೆ ಬೆಳೆದ ಜೋಹೋ ಕಂಪನಿ ತಮಿಳುನಾಡಿನ ತೆಂಕಾಸಿಯ ಹಳ್ಳಿಯಿಂದಲೂ ಸಾಫ್ಟ್‌ವೇರ್ ಮಾಡುತ್ತಿದೆ, ಅಲ್ವಾ?

ಕೈ ತೊಳೆದು ಬರುವಾಗ ಆ ಹುಡುಗರನ್ನು ಕೇಳಿದೆ, "ನಿಮ್ಮ ಮೊದಲ ಗಿರಾಕಿ ಯಾರಪ್ಪಾ?" ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬ ಬೆರಳಿಗಂಟಿದ ಬೆಣ್ಣೆ ಒರೆಸಿಕೊಳ್ಳುತ್ತಾ ಹೇಳಿದ, "ನಮ್ಮ ಮಾವಂದು ಭಟ್ಟಿ ಐತಿ ಸರ್. ಮಳೆ ಬಂದ್ರೆ ಭತ್ತ ಒಣಗಲ್ಲ ಅಂತ ದಿನಾ ಬೈತಿರ್ತಾನೆ."