ಎಸ್ಕಾಫ್ಲೋನೆ, ಈ ಸಲ ಮೊದಲ ಕಂತಿನಿಂದ

ನಮಸ್ಕಾರ ಎಲ್ಲರಿಗೂ. ಹಿಂದೆ ಕೇಳಿಸುತ್ತಿರುವುದು ನಮ್ಮ ಕುಕ್ಕರ್. ಬೇಳೆ ಇಟ್ಟಿದ್ದೇನೆ, ಸೀಟಿ ಇನ್ನೂ ಬಾಕಿ ಇದೆ. ಕಿಟಕಿಯಾಚೆ ಹಿಮ ನೋಡಿದಿರಲ್ಲ, ಅದರ ಮಾತು ಬೇಡ. ಜನವರಿ ತಿಂಗಳು, ಕೆನಡಾದ ಮಿಸಿಸಾಗಾ ಊರು, ಹೇಳೋದೇನಿದೆ. ಇವತ್ತಿನ ಕಥೆ ಮೇಜಿನ ಮೇಲಿರುವ ಈ ಪಾರ್ಸೆಲ್‌ದು.

ಬಿಚ್ಚುವ ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ. ಒಳಗಿರುವುದು ಎಸ್ಕಾಫ್ಲೋನೆ ಅನ್ನುವ ಅನಿಮೆಯ, ಅಂದರೆ ಜಪಾನಿ ಕಾರ್ಟೂನ್ ಸರಣಿಯ, ಬ್ಲೂ-ರೇ ಡಿಸ್ಕ್ ಸೆಟ್. ಸೆಕೆಂಡ್ ಹ್ಯಾಂಡ್. ಗಡಿಯಾಚೆ ಅಮೆರಿಕದಲ್ಲಿ ಯಾರೋ ಮಾರುತ್ತಿದ್ದರು. ಸೆಟ್‌ಗೆ 38 ಡಾಲರ್, ಕಳಿಸುವುದಕ್ಕೆ 14, ಎರಡೂ ಅಮೆರಿಕದ ಡಾಲರ್. ಹೋಗಲಿ ಬಿಡಿ, ಚಿಕ್ಕಂದಿನ ಪ್ರೀತಿ, ಕೊಡೋಣ ಅಂದುಕೊಂಡೆ. ಕೊರಿಯರ್ ಹುಡುಗ ಬಂದ. ಪಾರ್ಸೆಲ್ ಕಂಕುಳಲ್ಲೇ ಇಟ್ಟುಕೊಂಡು ಕಾರ್ಡ್ ಮಷಿನ್ ಮುಂದೆ ಹಿಡಿದ. ತೆರಿಗೆ ಇರಬೇಕು, ಒಂಟಾರಿಯೋದಲ್ಲಿ 13 ಪರ್ಸೆಂಟ್ ಹೇಗೂ ತಪ್ಪಿದ್ದಲ್ಲ. ಆದರೆ ಚೀಟಿಯಲ್ಲಿ ತೆರಿಗೆ ಒಂದು ಸಾಲು, ಅದರ ಕೆಳಗೆ ಬ್ರೋಕರೇಜ್ ಅಂತ ಇನ್ನೊಂದು ಸಾಲು. ಬ್ರೋಕರೇಜ್ ಒಂದೇ 32 ಡಾಲರ್!

ಇಲ್ಲಿ ಹೊಸದಾಗಿ ಬಂದವರು ಗಮನಿಸಿ. ಬ್ರೋಕರೇಜ್ ಅಂದರೆ ನಮ್ಮ ಪರವಾಗಿ ಕೊರಿಯರ್‌ನವರು ಕಸ್ಟಮ್ಸ್ ಕಾಗದ ತುಂಬಿದ್ದಕ್ಕೆ ಕೂಲಿ. ತುಂಬಿ ಅಂತ ನಾವು ಕೇಳಿರುವುದಿಲ್ಲ. ಎಷ್ಟಾಗುತ್ತದೆ ಅಂತ ಅವರೂ ಹೇಳಿರುವುದಿಲ್ಲ. ಬಾಗಿಲಿಗೆ ಬಂದ ಮೇಲೆ ಕೊಟ್ಟರೆ ಪಾರ್ಸೆಲ್, ಕೊಡದಿದ್ದರೆ ವಾಪಸ್. ಬೇಕಾದರೆ ನಾವೇ ಕಸ್ಟಮ್ಸ್ ಕಚೇರಿಗೆ ಹೋಗಿ ಕಾಗದ ಮಾಡಿಸಿಕೊಳ್ಳಬಹುದು, ಆಗ ಈ ಕೂಲಿ ಇಲ್ಲ. ಪಿಯರ್ಸನ್ ಏರ್‌ಪೋರ್ಟ್ ಹತ್ತಿರವೇ ಕಚೇರಿ ಇದೆ. ಆದರೆ ಅದಕ್ಕೆ ಅರ್ಧ ದಿನ ರಜೆ ಹಾಕಿ, ಈ ಹಿಮದಲ್ಲಿ ಕಾರು ತೆಗೆದು, ಸಾಲಿನಲ್ಲಿ ನಿಲ್ಲಬೇಕು. ಯಾರು ಹೋಗುತ್ತಾರೆ? ಯಾರೂ ಹೋಗುವುದಿಲ್ಲ ಅಂತ ಅವರಿಗೂ ಗೊತ್ತು. ಅದಕ್ಕೇ 32 ಡಾಲರ್. ಪಾಪ, ಆ ಹುಡುಗನದ್ದೇನೂ ತಪ್ಪಿಲ್ಲ. ಅವನಿಗೆ ದಿನಾ ಇದೇ ಮುಖಗಳು. ನನ್ನ ಮುಖ ನೋಡಿ ಅವನೇ ಸಾರಿ ಅಂದ. ಮಾರಿದವರು ಸುಮ್ನೆ ಅಂಚೆಯಲ್ಲಿ ಹಾಕಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ. ಕೊಳ್ಳುವ ಮೊದಲು ಯಾವುದರಲ್ಲಿ ಕಳಿಸುತ್ತೀರಿ ಅಂತ ಕೇಳಿ. ಅಷ್ಟೇ. ಬಿಟ್ಟೆ.

ಬಿಟ್ಟಿಲ್ಲ. 38 ಡಾಲರ್ ಸಾಮಾನಿಗೆ 32 ಡಾಲರ್ ಕಾಗದ ತುಂಬುವ ಕೂಲಿ! ಸರಿ, ಈಗ ನಿಜವಾಗಿ ಬಿಟ್ಟೆ.

ಹಾಂ, ಬಿಚ್ಚಿ ಆಯಿತು, ನೋಡುತ್ತಿದ್ದೀರಿ. ಮೂಲೆ ಸ್ವಲ್ಪ ನಜ್ಜಾಗಿದೆ. ಡಿಸ್ಕ್ ಮೇಲೆ ಗೀರಿಲ್ಲ.

ಎಸ್ಕಾಫ್ಲೋನೆ ಗೊತ್ತಿಲ್ಲದವರಿಗೆ ಎರಡು ಮಾತು. ಜಪಾನಿನ ಸನ್‌ರೈಸ್ ಸ್ಟುಡಿಯೋದ್ದು. ಟೀವಿ ಟೋಕಿಯೋದಲ್ಲಿ 1996ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಂತು, 26 ಕಂತು. ನಿರ್ದೇಶಕ ಕಝುಕಿ ಅಕಾನೆ. ಕಥೆಯ ಬೀಜ ಮ್ಯಾಕ್ರಾಸ್ ಅನ್ನುವ ರೋಬೋ ಅನಿಮೆ ಖ್ಯಾತಿಯ ಶೋಜಿ ಕವಮೋರಿಯದು, ನೇಪಾಳ ಸುತ್ತಿ ಬಂದ ಮೇಲೆ ಹೊಳೆದದ್ದಂತೆ. ಹಿಟೋಮಿ ಅನ್ನುವ ಹೈಸ್ಕೂಲ್ ಹುಡುಗಿ ಗಾಯಾ ಅನ್ನುವ ಬೇರೆ ಲೋಕಕ್ಕೆ ಹೋಗುತ್ತಾಳೆ. ಅಲ್ಲಿ ಆಕಾಶದಲ್ಲಿ ಚಂದ್ರನ ಪಕ್ಕ ನಮ್ಮ ಭೂಮಿಯೂ ತೇಲುತ್ತಿರುತ್ತದೆ. ಆ ಲೋಕದಲ್ಲಿ ರಾಜರು, ಕತ್ತಿ, ಡ್ರ್ಯಾಗನ್, ಮತ್ತು ಗೈಮೆಲೆಫ್ ಅನ್ನುವ ದೈತ್ಯ ರೋಬೋಗಳು. ರೋಬೋ ಅಂದರೆ ಗುಂಡಿ ಒತ್ತಿದರೆ ಮಿಸೈಲ್ ಹಾರಿಸುವ ಜಾತಿಯದ್ದಲ್ಲ. ಕವಚ ತೊಟ್ಟ ಯೋಧ. ಬೆನ್ನಿಗೆ ಉದ್ದ ಬಟ್ಟೆ, ಕೈಯಲ್ಲಿ ಕತ್ತಿ, ಎದೆಯಲ್ಲಿ ಡ್ರ್ಯಾಗನ್‌ನ ಹೃದಯದಿಂದ ತೆಗೆದ ಕಲ್ಲು.

ನಾವು ಮೈಸೂರಿನಿಂದ ಬಂದ ಹೊಸತು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಶಾಲೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ, ಮನೆಗೆ ಬಂದು ಟೀವಿ ಮುಂದೆ ಕೂರುತ್ತಿದ್ದೆ. ಇಲ್ಲಿನ ವೈಟಿವಿ ಚಾನೆಲ್‌ನಲ್ಲಿ ಇದು ಬರುತ್ತಿತ್ತು. ಮಾತು ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ನಾನೇ ಕಟ್ಟಿಕೊಳ್ಳುತ್ತಿದ್ದೆ. ತಮ್ಮನಿಗೆ ಕನ್ನಡದಲ್ಲಿ ಕಥೆ ಹೇಳುವ ಕೆಲಸವೂ ನನ್ನದೇ. ಅವನಿಗೆ ಬೆಂಕಿ ಹಚ್ಚುವ ಹುಚ್ಚ ಡಿಲಾಂಡೌ ಅಂದರೆ ಪ್ರಾಣ. ನನಗೆ ಕತ್ತಿವೀರ ಆಲೆನ್. ಉದ್ದ ಚಿನ್ನದ ಕೂದಲು, ನೀಲಿ ಉಡುಪು, ಯಾರಾದರೂ ಬೀಳುತ್ತಾರೆ.

ಅಮ್ಮನಿಗೆ ಒಂದೇ ತಕರಾರು, ಮೂಗು. ಅಡುಗೆಮನೆಯಿಂದ ಇಣುಕಿ, "ಏನೇ ಇದು, ಮುಖಕ್ಕೆಲ್ಲ ಸೌತೆಕಾಯಿ ಅಂಟಿಸಿದ್ದಾರಲ್ಲೇ" ಅಂದಿದ್ದರು. ನೊಬುತೆರು ಯುಕಿ ಬರೆದ ಮುಖಗಳು ಅವು. ಆಗ ನನಗೆ ಸಿಟ್ಟು ಬಂದಿತ್ತು. ನೋಡಿ, ಸ್ಕ್ರೀನ್ ಮೇಲೆ ಬಂತು. ಅಮ್ಮ ಹೇಳಿದ್ದು ಸರಿಯೇ. ಆದರೂ ಒಂದೆರಡು ಕಂತು ಕಳೆದರೆ ಅಭ್ಯಾಸವಾಗುತ್ತದೆ. ಆಮೇಲೆ ಬೇರೆ ಅನಿಮೆಯ ಚುಕ್ಕಿ ಮೂಗು ನೋಡಿದರೆ ಬೋಳು ಬೋಳು ಅನ್ನಿಸುತ್ತದೆ.

ಒಂದು ನಿಮಿಷ, ಕುಕ್ಕರ್ ಆರಿಸಿ ಬಂದೆ.

ಈಗ ಮುಖ್ಯ ವಿಷಯ. ನಾವು ಇದರ ಮೊದಲ ಕಂತು ನೋಡಿಯೇ ಇರಲಿಲ್ಲ! ಆಗ ಗೊತ್ತೂ ಇರಲಿಲ್ಲ. 2000ದಲ್ಲಿ ಅಮೆರಿಕದ ಫಾಕ್ಸ್ ಕಿಡ್ಸ್ ಇದನ್ನು ತೆಗೆದುಕೊಂಡಿತು. ಗಂಡುಹುಡುಗರು ನೋಡಬೇಕು ಅನ್ನುವ ಲೆಕ್ಕ. ಹಾಗಾಗಿ ಹಿಟೋಮಿಯ ಪಾಲನ್ನು ಕತ್ತರಿಸಿ, ಕತ್ತಿ ಹಿಡಿದ ಗಾಯಾದ ರಾಜಕುಮಾರ ವಾನ್‌ನನ್ನು ಮುಂದೆ ತಂದರು. ಮೊದಲ ಕಂತು ಬಿಟ್ಟೇಬಿಟ್ಟರು. ಸಂಗೀತದ ಜಾಗದಲ್ಲಿ ಅಲ್ಲಲ್ಲಿ ಟೆಕ್ನೋ ಡಬಡಬ ಹಾಕಿದರು. ಇಷ್ಟೆಲ್ಲ ಮಾಡಿ 10 ಕಂತಿಗೆ ನಿಲ್ಲಿಸಿದರು. ಅದೇ ಕತ್ತರಿಸಿದ ಪ್ರತಿ ಕೆನಡಾಗೆ ಬಂತು. ವೈಟಿವಿ ಕೊನೇತನಕ ಹಾಕಿತು, ಅದಕ್ಕೆ ಋಣಿ. ಗಡಿಯಾಚೆ ಮಕ್ಕಳಿಗೆ ಕೊನೆಯೇ ಸಿಗಲಿಲ್ಲ, ನಮಗೆ ಮೊದಲು ಸಿಗಲಿಲ್ಲ.

ಆ ಮೊದಲ ಕಂತಿನಲ್ಲಿ ಏನಿದೆ ಅಂತ ಈಗ ನೋಡುತ್ತಿದ್ದೇನೆ. ಯುದ್ಧ ಇಲ್ಲ, ರಾಜ ಇಲ್ಲ. ಶಾಲೆಯ ಮೈದಾನ. ಹಿಟೋಮಿ ಓಟಗಾರ್ತಿ. ಅವಳಿಗಿಷ್ಟವಾದ ಸೀನಿಯರ್ ಹುಡುಗ ವಿದೇಶಕ್ಕೆ ಹೊರಟಿದ್ದಾನೆ. 100 ಮೀಟರನ್ನು 13 ಸೆಕೆಂಡಿನೊಳಗೆ ಓಡಿದರೆ ಮುತ್ತು ಕೊಡುತ್ತೀಯಾ ಅಂತ ನೇರ ಕೇಳುತ್ತಾಳೆ. ಎಂಥ ಧೈರ್ಯ! ಓಡುತ್ತಾಳೆ, ಟ್ರ್ಯಾಕಿನ ನಡುವೆ ಬೆಳಕಿನ ಕಂಬ ಬಿದ್ದು ಅದರಿಂದ ವಾನ್ ಉದುರುತ್ತಾನೆ, ಹಿಂದೆಯೇ ಡ್ರ್ಯಾಗನ್. ಅವನು ಸಾಯುವುದನ್ನು ಅವಳು ಮುಂಚೆಯೇ ಕಾಣುತ್ತಾಳೆ. ಕೂಗಿ ಹೇಳಿದ್ದರಿಂದ ಅವನು ಉಳಿಯುತ್ತಾನೆ. ನಮ್ಮ ಟೀವಿಯಲ್ಲಿ ಇದೆಲ್ಲ ಚೂರುಚೂರಾಗಿ ನೆನಪಿನ ತುಣುಕಿನಂತೆ ಬರುತ್ತಿತ್ತು. ಹಾಗಾಗಿ ನನಗೆ ಹಿಟೋಮಿ ಅಂದರೆ ಸದಾ ಗಾಬರಿ ಬಿದ್ದು "ವಾನ್!" ಅಂತ ಕಿರುಚುವ ಹುಡುಗಿ. ಅಷ್ಟೇ ಆಗಿದ್ದಳು.

ಈಗ ಪೂರ್ತಿ ನೋಡಿದರೆ ಇಡೀ ಕಥೆ ಅವಳ ತಲೆಯೊಳಗೇ ನಡೆಯುತ್ತಿದೆ. ಭವಿಷ್ಯ ನೋಡುವ ಟ್ಯಾರೋ ಎಲೆ ಹಾಕುತ್ತಾಳೆ, ಮುಂದೆ ಆಗುವುದನ್ನು ಹೇಳುತ್ತಾಳೆ. ಅಜ್ಜಿ ಕೊಟ್ಟ ಪೆಂಡೆಂಟ್ ತೂಗಿ ಕಣ್ಣಿಗೆ ಕಾಣದ ಶತ್ರುವನ್ನು ಹುಡುಕುತ್ತಾಳೆ. ಎಲ್ಲರೂ ಅವಳ ಮಾತು ನಂಬಿ ಯುದ್ಧಕ್ಕೆ ಹೋಗುತ್ತಾರೆ. ಬರಬರುತ್ತಾ ಅವಳಿಗೇ ದಿಗಿಲು. ಕೆಟ್ಟದ್ದು ಕಂಡದ್ದಕ್ಕೆ ಹೇಳುತ್ತಿದ್ದೇನೋ, ನಾನು ಹೆದರಿದ್ದಕ್ಕೇ ಕೆಟ್ಟದ್ದು ಆಗುತ್ತಿದೆಯೋ? ರಾಜಕುಮಾರಿ ಮಿಲರ್ನಾಗೆ ಮದುವೆಯ ಭವಿಷ್ಯ ಹೇಳುವಾಗ ಎಲೆಯಲ್ಲಿ ಬಂದದ್ದು ಒಂದು, ಇವಳು ಹೇಳುವುದು ಇನ್ನೊಂದು. ಯಾಕೆ? ಆಲೆನ್ ಮೇಲೆ ಇವಳಿಗೂ ಕಣ್ಣಿತ್ತು. ಅಬ್ಬಾ, ನಾಯಕಿಗೆ ಇಷ್ಟು ಸಣ್ಣತನ ಕೊಡಲು ಬರೆದವರಿಗೆ ಎದೆಗಾರಿಕೆ ಬೇಕು. ಇದನ್ನೆಲ್ಲ ಹಿಂದಕ್ಕೆ ತಳ್ಳಿ ರೋಬೋ ಜಗಳ ಮುಂದಿಟ್ಟರೆ ಉಳಿಯುವುದೇನು? ಚೆಂದದ ರೋಬೋ ಜಗಳ ಉಳಿಯುತ್ತದೆ. ಅದೂ ತಪ್ಪಲ್ಲ, ನಾನೂ ಅದನ್ನೇ ಇಷ್ಟಪಟ್ಟಿದ್ದೆ.

ಇನ್ನೊಂದು ಸಂಗತಿ ಗೊತ್ತಾ? ಶುರುವಿನಲ್ಲಿ ಯಸುಹಿರೋ ಇಮಗಾವಾ ನಿರ್ದೇಶಕರಾಗಬೇಕಿತ್ತು. ಅವರು ಜಿ ಗುಂಡಮ್ ಅನ್ನುವ ಇನ್ನೊಂದು ಅನಿಮೆ ಮಾಡಲು ಹೊರಟರು. ಆಗ ಯೋಚಿಸಿದ್ದ ಹಿಟೋಮಿ ಬೇರೆಯೇ, ಉದ್ದ ಕೂದಲು, ಕನ್ನಡಕ, ಪೆದ್ದು ಪೆದ್ದು ಹುಡುಗಿ. ಅಕಾನೆ ಬಂದ ಮೇಲೆ ಕೂದಲು ಗಿಡ್ಡವಾಯಿತು, ಹುಡುಗಿಯರೂ ನೋಡುವ ಕಥೆಯಾಯಿತು. ಅಂದರೆ ಜಪಾನಿನಲ್ಲಿ ಬೇಕೆಂದೇ ಸೇರಿಸಿದ್ದನ್ನು ಇಲ್ಲಿ ಬೇಕೆಂದೇ ತೆಗೆದರು.

ಜೊತೆಗೆ ಮೊದಲು 39 ಕಂತು ಅಂತ ಇತ್ತು, ದುಡ್ಡು ಸಾಲದೆ 26 ಆಯಿತು. ಕಥೆ ಕತ್ತರಿಸಲಿಲ್ಲ, ಒತ್ತಿ ತುಂಬಿದರು. ಅದಕ್ಕೇ ಕೆಲವು ಕಂತಿನಲ್ಲಿ ಒಂದು ಊರು ಸುಟ್ಟು, ಒಬ್ಬರು ಸತ್ತು, ಒಂದು ಗುಟ್ಟು ಬಯಲಾಗಿ, ಉಸಿರಾಡಲು ಬಿಡುವುದಿಲ್ಲ. ನನಗಂತೂ ಇದೇ ಇಷ್ಟ. ಕೊನೆಯ ಕೆಲವು ಕಂತು ಬಿಟ್ಟು. ಅಲ್ಲಿ ಯಾರು ಯಾಕೆ ಹೊಡೆದಾಡುತ್ತಿದ್ದಾರೆ ಅಂತ ಎರಡು ಸಲ ಹಿಂದಕ್ಕೆ ಹಾಕಿ ನೋಡಬೇಕು.

ವಾಲ್ಯೂಮ್ ಜಾಸ್ತಿ ಮಾಡಿದೆ, ಕಾಪಿರೈಟ್ ಕಾಟ ಇರುವುದರಿಂದ ನಿಮಗೆ ಕೇಳಿಸುವಂತಿಲ್ಲ, ಕ್ಷಮಿಸಿ. ಯೋಕೋ ಕಾನ್ನೋ ಮತ್ತು ಹಾಜಿಮೆ ಮಿಜೋಗುಚಿ ಸಂಗೀತ. ವಾರ್ಸಾ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ನುಡಿಸಿದ್ದು. ಕೋರಸ್‌ನವರು ಯುದ್ಧಕ್ಕೆ ಮುಂಚೆ ಹಾಡಲು ಶುರು ಮಾಡಿದರೆ ರೋಮ ನಿಲ್ಲುತ್ತದೆ. ಆರಂಭದ ಹಾಡು ಹಾಡಿದವಳು ಮಾಯಾ ಸಕಮೋಟೋ. ಹಿಟೋಮಿಗೆ ದನಿ ಕೊಟ್ಟವಳೂ ಅವಳೇ, ಆಗ 16 ವರ್ಷ. ಹಾಡುಗಾರ್ತಿಯಾಗಿ ಮೊದಲ ಹಾಡು. ಇದನ್ನು ತೆಗೆದು ಟೆಕ್ನೋ ಹಾಕಿದರಲ್ಲ, ಅವರಿಗೆ ಏನು ಹೇಳೋಣ? ಏನೂ ಬೇಡ.

ಈ ಶಾಟ್ ಚೆನ್ನಾಗಿದೆ, ನೋಡಿ. ವಾನ್ ಬೆರಳು ಕುಯ್ದು ರಕ್ತ ಹಚ್ಚುತ್ತಾನೆ, ಅವನ ರೋಬೋ ಎಸ್ಕಾಫ್ಲೋನೆ ಏಳುತ್ತದೆ. ಆಮೇಲೆ ಇಬ್ಬರ ನಂಟು ಎಷ್ಟು ಗಟ್ಟಿಯಾಗುತ್ತದೆ ಅಂದರೆ ರೋಬೋಗೆ ಏಟು ಬಿದ್ದರೆ ಅವನ ಮೈಯಲ್ಲಿ ಗಾಯ. ಅದು ಡ್ರ್ಯಾಗನ್ ರೂಪಕ್ಕೆ ತಿರುಗಿ ಹಾರುವಾಗ ಅವನು ಬೆನ್ನ ಮೇಲೆ ನಿಂತುಕೊಂಡೇ ಹೋಗುತ್ತಾನೆ. ಸೀಟು ಇಲ್ಲ, ಬೆಲ್ಟ್ ಇಲ್ಲ. ಚಿಕ್ಕಂದಿನಲ್ಲಿ ಸೋಫಾ ಹಿಂಬದಿ ಮೇಲೆ ಹಾಗೆ ನಿಂತು ತಮ್ಮ ಬಿದ್ದಿದ್ದ.

ಆಲೆನ್ ವಿಷಯಕ್ಕೆ ಬರುತ್ತೇನೆ. ಛೀ. ಈಗ ನೋಡಿದರೆ ಎಲ್ಲ ಹೆಂಗಸರ ಹತ್ತಿರವೂ ಅದೇ ಮಾತು, ಅದೇ ಓರೆನೋಟ. ಮುಖಕ್ಕೆ ನೀರೆರಚೋಣ ಅನ್ನಿಸುತ್ತದೆ. ವಾನ್ ಸಿಡುಕ, ಆದರೆ ಸಿಡುಕುವುದಕ್ಕೆ ಕಾರಣ ಇದೆ. ಪಟ್ಟಕ್ಕೆ ಬಂದ ದಿನವೇ ಊರು ಸುಟ್ಟುಹೋದರೆ ಯಾರಾದರೂ ನಗುತ್ತಾರಾ? ಆದರೂ ಆಲೆನ್‌ನ ತಂಗಿಯ ಕಥೆ ಬಂದಾಗ ಮತ್ತೆ ಕರಗಿದೆ. ಆ ಗುಟ್ಟು ಹೇಳುವುದಿಲ್ಲ. ಸರಿ, ಆಲೆನ್ ಪರವಾಗಿಲ್ಲ. ಅಳಿಯನಾಗಿ ಬೇಡ, ಅಣ್ಣನಾಗಿ ಇರಲಿ.

ಇನ್ನೊಂದು ಗುಟ್ಟು ಮಾತ್ರ ಹೇಳಿಯೇಬಿಡುತ್ತೇನೆ, ಇಷ್ಟು ಹಳೆಯದಕ್ಕೆ ಸ್ಪಾಯ್ಲರ್ ಏನು. ಬೇಡದವರು ಹತ್ತು ಸೆಕೆಂಡು ಮುಂದೆ ಹಾಕಿ. ವೈರಿ ರಾಜ್ಯದ ಮುದಿ ಚಕ್ರವರ್ತಿ ಡಾರ್ನ್‌ಕರ್ಕ್ ನಿಜವಾಗಿ ಯಾರು? ಐಸಾಕ್ ನ್ಯೂಟನ್. ಹೌದು, ನಮ್ಮ ಪಾಠದ ಸೇಬಿನ ನ್ಯೂಟನ್. ಭೂಮಿಯ ಮೇಲೆ ಪ್ರಾಣ ಹೋಗುವ ಹೊತ್ತಿಗೆ ಗಾಯಾ ಸೇರಿ, ಹಣೆಬರಹವನ್ನೇ ಲೆಕ್ಕ ಹಾಕಿ ತಿದ್ದುವ ಯಂತ್ರ ಕಟ್ಟಿ ಕೂತಿದ್ದಾನೆ. ಆಗ ನಮಗೆ ಇದು ಹುಚ್ಚು ಅನ್ನಿಸಿ ನಕ್ಕಿದ್ದೆವು. ಆದರೆ ನಿಜವಾದ ನ್ಯೂಟನ್ ರಸವಿದ್ಯೆಯ ಮೇಲೆ ರಾಶಿ ರಾಶಿ ಟಿಪ್ಪಣಿ ಬರೆದಿಟ್ಟವನು. ಅಂಥವನಿಗೆ ಇನ್ನೂರು ಮುನ್ನೂರು ವರ್ಷ ಹೆಚ್ಚಿಗೆ ಕೊಟ್ಟರೆ ಇದೇ ಮಾಡುತ್ತಿದ್ದ ಬಿಡಿ. ಒಂದು ಕಡೆ ಎಲ್ಲವನ್ನೂ ಲೆಕ್ಕದಿಂದ ತಿಳಿಯುವ ಮುದುಕ, ಇನ್ನೊಂದು ಕಡೆ ಎಲೆ ಹಾಕಿ ಭವಿಷ್ಯ ಹೇಳುವ ಹುಡುಗಿ. ಇಬ್ಬರ ರೋಗವೂ ಒಂದೇ. ಹಿಟೋಮಿಯನ್ನು ಕತ್ತರಿಸಿದ ಪ್ರತಿಯಲ್ಲಿ ಈ ಜೋಡಿ ಎಲ್ಲಿ ಕಾಣಬೇಕು?

ಡಬ್ ಯಾವುದು ಅಂತ ಕೇಳುತ್ತೀರಿ, ಗೊತ್ತು. 2016ರಲ್ಲಿ ಅಮೆರಿಕದ ಅನಿಮೆ ಕಂಪನಿ ಫನಿಮೇಷನ್‌ನವರು ಕಿಕ್‌ಸ್ಟಾರ್ಟರ್ ವೆಬ್‌ಸೈಟಿನಲ್ಲಿ ಅಭಿಮಾನಿಗಳ ದುಡ್ಡು ಎತ್ತಿ ಹೊಸ ಇಂಗ್ಲಿಷ್ ಡಬ್ ಮಾಡಿಸಿದರು, ಇದು ಅದು. ಚೆನ್ನಾಗಿದೆ, ಆದರೆ ಕಿವಿಗೆ ಹಳೇ ವ್ಯಾಂಕೂವರ್ ದನಿಗಳೇ ಬೇಕು. ಜಪಾನಿ ದನಿ ಎಲ್ಲಕ್ಕಿಂತ ಮೇಲು. ಆದರೂ ಹಳೇ ಡಬ್. ಮತ್ತೆ, ಊರಲ್ಲಿರುವವರು ಈ ಅಮೆರಿಕದ ಡಿಸ್ಕ್ ತರಿಸುವ ಮುಂಚೆ ನೋಡಿಕೊಳ್ಳಿ. ಬ್ಲೂ-ರೇಗೆ ಲೋಕವನ್ನು ರೀಜನ್ ಅಂತ ವಲಯ ಮಾಡಿ ಹಂಚಿದ್ದಾರೆ. ಇಲ್ಲಿಯದು ರೀಜನ್ ಎ, ಇಂಡಿಯಾದ್ದು ರೀಜನ್ ಸಿ. ರೀಜನ್ ಬೀಗ ಇರುವ ಡಿಸ್ಕ್ ನಿಮ್ಮ ಪ್ಲೇಯರ್‌ನಲ್ಲಿ ಓಡುವುದಿಲ್ಲ.

2000ದಲ್ಲಿ ಬಂದ ಎಸ್ಕಾಫ್ಲೋನೆ ಸಿನಿಮಾ ಬಗ್ಗೆ ಆಮೇಲೆ ಯಾವಾಗಲಾದರೂ. ನೋಡಲು ಸೊಗಸು, ಹಿಟೋಮಿ ಮಾತ್ರ ಸದಾ ಮಂಕು ಬಡಿದವಳ ಹಾಗೆ, ಓಡುವುದೇ ಇಲ್ಲ. ನನಗೆ ಹಿಡಿಸಲಿಲ್ಲ. ಇಷ್ಟಪಟ್ಟವರು ಕಮೆಂಟ್‌ನಲ್ಲಿ ಜಗಳಕ್ಕೆ ಬನ್ನಿ. ತಮ್ಮನ ಕಾರು ಬಂತು, ಡ್ರೈವ್‌ವೇಯಲ್ಲಿ ಹಿಮ ಹಾಗೇ ಇದೆ, ಸಲಿಕೆ ಹಿಡಿದು ಓಡಬೇಕು. ಬೇಳೆಗೆ ಒಗ್ಗರಣೆಯೂ ಹಾಕಿಲ್ಲ. ಬರ್ತೀನಿ.